ಆಯುಧಪೂಜೆಗೆ ತೊಳೆದ ಬ್ರಷ್

ಆಯುಧಪೂಜೆಯ ದಿನ ನಮ್ಮ ಹೊಸಕೆರೆಹಳ್ಳಿ ಮನೆಯಲ್ಲಿ ಕೆಲಸದ ಸಾಮಾನು ಒಂದನ್ನೂ ಬಿಡುವಂತಿಲ್ಲ. ಹೊಲ ಇದ್ದಾಗ ನೇಗಿಲು, ಕುಡುಗೋಲು. ಈಗ ನಾವು ಬಾಡಿಗೆಗೆ ಕೊಟ್ಟ ಮನೆಗಳ ಪಂಪು, ಸ್ಪ್ಯಾನರು, ನನ್ನ ಸ್ಕೂಟರು. ಈ ಸಲ ಮಗಳು ಚೈತ್ರಳ ಬಣ್ಣದ ಬ್ರಷ್ಷನ್ನೂ ನಾನೇ ತಂದು ಸೇರಿಸಿದೆ. ಸೋಮವಾರ ಅವಳಿಗೆ ಕಾಲೇಜಿನಲ್ಲಿ ಜಲವರ್ಣದ ಪರೀಕ್ಷೆ. ದೇವರ ಮುಂದೆ ಇಟ್ಟರೆ ಒಳ್ಳೆಯದಾಗುತ್ತದೆ ಎಂದುಕೊಂಡೆ.

ಎರಡು ದಿನ ಕಳೆದು ನೋಡಿದರೆ ಹುಡುಗಿ ಆ ಬ್ರಷ್ ಹಿಡಿದುಕೊಂಡು ಅಳುತ್ತಿದ್ದಾಳೆ. ಬ್ರಷ್ಷಿನ ಕೂದಲು ಪೊರಕೆಯ ಹಾಗೆ ಕೆದರಿತ್ತು.

"ಏನಾಯ್ತೇ?"

"ಹಾಳಾಯ್ತು. ಬಿಡಪ್ಪ."

ಬಿಡುವ ಜಾತಿಯಲ್ಲ ನಾನು. ಹೊಸ ಬ್ರಷ್ ಇಷ್ಟು ಬೇಗ ಹಾಳಾಗಿದೆ ಎಂದರೆ ಅಂಗಡಿಯವರದೇ ಮೋಸ. ಅದನ್ನು ಜೇಬಿಗೆ ಸಿಕ್ಕಿಸಿಕೊಂಡು, ಅವಳು ಕೊಂಡಿದ್ದ ಜಯನಗರದ ಅಂಗಡಿಗೆ ಹೋದೆ. ಅಂಗಡಿ ತುಂಬ ಜನ. ಗಲ್ಲಾದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಸತ್ಯಭಾಮಾ ಅವರ ಮುಂದೆ ಬ್ರಷ್ ಎಸೆದೆ.

"ಓದೋ ಮಕ್ಕಳಿಗೆ ಟೋಪಿ ಹಾಕ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಅವರು ಕನ್ನಡಕ ಏರಿಸಿ ಬ್ರಷ್ ಮೂಸಿದರು. "ಅರಿಶಿನ ಇದೆಯಲ್ಲ ಸಾರ್?"

"ಪೂಜೆ ಮಾಡಿದ್ದೀನಿ. ಮಾಡ್ಬಾರ್ದಾ?"

"ಮಾಡಿ. ತೊಳೆದದ್ದು ಹೇಗೆ?"

"ಸ್ಪ್ಯಾನರ್ ಜೊತೆಗೇ. ಕುದಿಯೋ ನೀರು, ವಾಷಿಂಗ್ ಸೋಡ. ಚೆನ್ನಾಗಿ ಉಜ್ಜಿ, ಚೊಂಬಲ್ಲಿ ತಲೆಕೆಳಗೆ ನಿಲ್ಲಿಸಿದ್ದೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಅಂಕಲ್, ಗ್ರೀಸ್ ಹಚ್ಚೋದು ಮರೆತ್ರಾ?" ಎಂದ ಒಬ್ಬ. ಅಂಗಡಿಯೇ ನಕ್ಕಿತು. ಸತ್ಯಭಾಮಾ ನಗಲಿಲ್ಲ.

"ಅಳಿಲಿನ ಕೂದಲು ಸಾರ್ ಇದು. ತಣ್ಣೀರು, ಒಂಚೂರು ಮೈಸೋಪು, ಅಂಗೈ ಮೇಲೆ ಮೆತ್ತಗೆ. ಆಮೇಲೆ ಮಲಗಿಸಿ ಒಣಗಿಸ್ಬೇಕು. ನಿಮ್ಮ ಮಗಳಿಗೆ ಎಲ್ಲಾ ಗೊತ್ತು. ಬೆಳಿಗ್ಗೆ ಇದೇ ಬ್ರಷ್ ಹಿಡ್ಕೊಂಡು ಬಂದಿದ್ಲು, ಸರಿ ಮಾಡಕ್ಕಾಗುತ್ತಾ ಅಂತ. 'ನಾನೇ ಮರೆತು ನೀರಲ್ಲಿ ಬಿಟ್ಟೆ ಆಂಟಿ' ಅಂದ್ಲು."

ಬೈಯಲು ಯಾರೂ ಉಳಿದಿರಲಿಲ್ಲ.

"ಇನ್ನೊಂದು ಕೊಡಿ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರು ಮೂರು ಬ್ರಷ್, ಒಂದು ಲೋಟ ನೀರು ಇಟ್ಟರು. "ಅದ್ದಿ ಒಂದ್ಸಲ ಕೊಡವಿ. ತುದಿ ತಾನಾಗೇ ಸೂಜಿ ಥರ ಕೂಡಿದ್ರೆ ಅದೇ ಒಳ್ಳೇದು." ಎಲ್ಲರೂ ನೋಡುತ್ತಿರುವಾಗ ಕೊಡವಿದೆ. ಮೊದಲನೆಯದು ಎರಡಾಗಿ ಸೀಳಿತು. ಎರಡನೆಯದರ ತುದಿ ಮೊಂಡು. ಮೂರನೆಯದು ಕೂಡಿಕೊಂಡಿತು. ಅದನ್ನೇ ತೆಗೆದುಕೊಂಡೆ. ಕೂಗಾಡಿದ್ದು ತಪ್ಪಾಯಿತು ಎಂದು ಅವರಿಗೆ ಹೇಳಬೇಕಿತ್ತು. ದುಡ್ಡು ಕೊಟ್ಟು ಹೊರಟು ಬಂದೆ.

ಮನೆಯಲ್ಲಿ ಚೈತ್ರ ಒಂದು ಸವೆದ ಬ್ರಷ್ಷಿನಲ್ಲಿ ಎಲೆಯ ಚಿತ್ರ ಬರೆಯುತ್ತಿದ್ದಳು. ಹೊಸದನ್ನು ಪಕ್ಕದಲ್ಲಿಟ್ಟೆ.

"ಹಾಳು ಮಾಡಿದ್ದು ನಾನು ಕಣೇ. ನೀನ್ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?"

"ನಿಜ ಹೇಳಿದ್ರೆ ಅಂಗಡೀಲಿ ಎಲ್ಲಾ ನಿನ್ನ ಆಡ್ಕೊಂಡು ನಗ್ತಿದ್ರು ಅಪ್ಪ."

"ನಾನೇ ಹೋಗಿ ನಗಿಸ್ಕೊಂಡು ಬಂದೆ. ನನಗಾದ್ರೂ ಹೇಳ್ಬಾರ್ದಿತ್ತಾ?"

ಅವಳು ತಲೆ ಎತ್ತಲಿಲ್ಲ. "ಹೇಳಿದ್ರೆ ನೀನು ಕೂಗಾಡ್ತಿದ್ದೆ. ನಾಳಿದ್ದು ಪರೀಕ್ಷೆ. ನೀನು ಕೂಗಿದ್ರೆ ನನ್ನ ಕೈ ನಡುಗುತ್ತೆ."

ಹತ್ತೊಂಬತ್ತು ವರ್ಷ ಆ ಕೈ ನನ್ನ ದನಿಗೆ ನಡುಗುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಇಲ್ಲ ಮಗಳೇ, ಇನ್ನು ಕೂಗಲ್ಲ ಎನ್ನಬೇಕೆನಿಸಿತು. ಅವಳು ನಂಬುವುದಿಲ್ಲ ಎಂದು ತಿಳಿದು, ಬ್ರಷ್ ತೊಳೆಯಲು ಒಂದು ಲೋಟ ತಣ್ಣೀರು ತಂದಿಟ್ಟೆ.