ಐದು ಪರ್ಸಿನ ಕೋಟು

ಆ ಮನೆಯ ಮುಂದಿನ ಕೋಣೆಗೆ ಬರುವವರು ಮೊದಲು ಕೆಳಗೆ ನೋಡಿ, ಆಮೇಲೆ ಹೆಜ್ಜೆ ಇಡಬೇಕಾಗಿತ್ತು. ಕಾಲಿಟ್ಟಲ್ಲೆಲ್ಲ ಬಟ್ಟೆ. ತೋಳು ಸವೆದ ಅಂಗಿ, ಮಂಡಿ ಹರಿದ ಪ್ಯಾಂಟು, ಬಿಸಿಲಿಗೆ ಬಣ್ಣ ಬಿಟ್ಟ ಕಿಟಕಿ ಪರದೆ, ಯಾರದೋ ಹಳೇ ಸೋಫಾದ ಹೊದಿಕೆ. ಇವೆಲ್ಲ ಆ ಮನೆಯ ಇಬ್ಬರು ವಾರಗಿತ್ತಿಯರ ಕೈಗೆ ಸಿಕ್ಕಿ ಪರ್ಸುಗಳಾಗಿ, ಕನ್ನಡಕದ ಚೀಲಗಳಾಗಿ, ಉಡುಗೊರೆಗೆ ಕೊಡುವ ಬಟ್ಟೆಯ ಹಕ್ಕಿಗಳಾಗಿ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ತೂಗುತ್ತಿದ್ದವು. ಬೇಕಾದವರು ಬೀದಿಯಿಂದಲೇ ನೋಡಿ, ಬೆರಳು ತೋರಿಸಿ ಕೊಂಡೊಯ್ಯುತ್ತಿದ್ದರು.

ಹಿರಿಯವಳು ಕತ್ತರಿಸುವುದು, ಕಿರಿಯವಳು ಹೊಲಿಯುವುದು. ಹಿರಿಯವಳು ಕೈಯಲ್ಲಿ ಕತ್ತರಿ ಹಿಡಿದರೆ ತಡೆಯುವವರಿರಲಿಲ್ಲ. ಬಟ್ಟೆ ಕಂಡರೆ ಅವಳಿಗೆ ಅದನ್ನು ತೊಟ್ಟ ಮನುಷ್ಯ ಕಾಣುತ್ತಿರಲಿಲ್ಲ, ಒಳಗಿರುವ ಪರ್ಸು ಕಾಣುತ್ತಿತ್ತು. ಅಂಚೆಯವನು ಕಾಗದ ಕೊಡುವಾಗ ಒಂದು ಕೈಯಲ್ಲಿ ತನ್ನ ಅಂಗಿಯನ್ನು ಹಿಡಿದುಕೊಂಡೇ ನಿಲ್ಲುತ್ತಿದ್ದ.

ಕತ್ತರಿಸಬೇಕಾದ ಬಟ್ಟೆಗೆ ಅವಳು ಚಾಕ್‌ಪೀಸಿನಿಂದ ಒಂದು ಇಂಟು ಮಾರ್ಕು ಹಾಕುತ್ತಿದ್ದಳು. ಇಂಟು ಬಿತ್ತೆಂದರೆ ಆ ಬಟ್ಟೆಯ ಆಯುಸ್ಸು ಮುಗಿಯಿತು. ಕಿರಿಯವಳದು ಬೇರೆ ಪಾಠ. ಮದುವೆಗೆ ಮುಂಚೆ ಎಂಟು ವರ್ಷ ಲಾಂಡ್ರಿಯಲ್ಲಿ ದುಡಿದವಳು. ಅಲ್ಲಿ ಇಂಟು ಹಾಕಿದರೆ, ಇಲ್ಲಿ ಕಲೆ ಇದೆ, ಮೆತ್ತಗೆ ತೊಳೆಯಿರಿ ಎಂದು. ಮೊದಲ ವರ್ಷವೇ ಇದರಿಂದ ಒಂದು ಮೇಜುಬಟ್ಟೆ ಹೋಗಿತ್ತು. ಆಗ ಇಬ್ಬರೂ ಕೂತು ಮಾತಾಡಿಕೊಂಡಿದ್ದರು: ಈ ಮನೆಯಲ್ಲಿ ಕತ್ತರಿ ಮಾತ್ರವಲ್ಲ, ಚಾಕ್ ಮುಟ್ಟುವ ಕೈಯೂ ಹಿರಿಯವಳದೇ.

ಕಿರಿಯವಳ ಗಂಡ ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಬೀದಿಯವರೆಲ್ಲ ಅವನನ್ನು ಪೀಪಿ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಮೂರನೇ ಸಾಲಿನ ಮೂಲೆಯಲ್ಲಿ ಕೂತು, ಬೇರೆಯವರು ಹಾಡು ನುಡಿಸುವಾಗ ನಡುನಡುವೆ ಪುಂ ಪುಂ ಎನ್ನುವುದಷ್ಟೇ ಅವನ ಪಾಲಿಗೆ ಬಂದಿತ್ತು. ಗುರುವಾರ ಸಂಜೆ ಅವನು ಓಡುತ್ತಲೇ ಮನೆಗೆ ಬಂದ.

"ಅತ್ತಿಗೆ! ಭಾನುವಾರ ಉದ್ಯಾನದಲ್ಲಿ ಒಂಟಿ ವಾದನ ನಂದು! ಮೊದಲನೇ ಕ್ಲಾರಿನೆಟ್‌ನವನಿಗೆ ಮುಂದಿನ ಹಲ್ಲು ಕಿತ್ತಿದ್ದಾರೆ!"

"ಅಯ್ಯೋ ಪಾಪ," ಎಂದಳು ಹಿರಿಯವಳು.

"ಪಾಪವೇ," ಎಂದ ಪೀಪಿ, ಬಾಯಿ ಕಿವಿವರೆಗೂ ಹಿಗ್ಗಿಸಿಕೊಂಡು. ಆಮೇಲೆ ಒಂದು ಸಲ ಬಿಕ್ಕಳಿಸಿದ. ಸಂತೋಷವಾಗಲಿ ಗಾಬರಿಯಾಗಲಿ, ಅವನಿಗೆ ಬಿಕ್ಕಳಿಕೆ ಹಿಡಿಯುತ್ತಿತ್ತು. ಹಿಡಿದರೆ ಎರಡು ದಿನ ಬಿಡುತ್ತಿರಲಿಲ್ಲ. ಬಿಕ್ಕಳಿಸುತ್ತ ಕ್ಲಾರಿನೆಟ್ ನುಡಿಸುವವನನ್ನು ಯಾವ ಊರಿನ ಬ್ಯಾಂಡೂ ಇಟ್ಟುಕೊಳ್ಳುವುದಿಲ್ಲ. ಕಿರಿಯವಳು ನೀರು ಕುಡಿಸಿ, ಬೆನ್ನು ತಟ್ಟಿ ಕೂರಿಸಿದಳು.

ಇನ್ನೊಂದು ಭಯ ಬ್ಯಾಂಡ್ ಮಾಸ್ತರರದು. ಸಮವಸ್ತ್ರವಿಲ್ಲದವನು ವೇದಿಕೆ ಹತ್ತುವಂತಿರಲಿಲ್ಲ. ಒಂದು ಗುಂಡಿ ಇರಲಿಲ್ಲವೆಂದು ಡೋಲಿನವನನ್ನು ನಡುದಾರಿಯಿಂದ ಮನೆಗೆ ಕಳಿಸಿದ ಮನುಷ್ಯ. ಆ ದಿನ ಇಡೀ ಬ್ಯಾಂಡು ತಾಳವಿಲ್ಲದೆ ನಡೆದಿತ್ತು.

ಹಾಗಾಗಿ ಶುಕ್ರವಾರ ಬೆಳಿಗ್ಗೆ ಪೀಪಿ ಅಭ್ಯಾಸಕ್ಕೆ ಹೋದದ್ದೇ ತಡ, ಕಿರಿಯವಳು ಅವನ ಕೋಟು ತೆಗೆದಳು. ದಪ್ಪ ಉಣ್ಣೆಯ ಕಡುಹಸಿರು ಕೋಟು, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಕಾಲರಿನಲ್ಲಿ ಒಂದು ಕಲೆ, ಹೆಗಲಲ್ಲಿ ಒಂದು, ಮೊಣಕೈಯಲ್ಲಿ ಒಂದು. ಗಂಡ ಮೊದಲ ಸಲ ಮುಂದೆ ನಿಲ್ಲುವ ಸಂಭ್ರಮದಲ್ಲಿ ಕೈಗೆ ಚಾಕ್ ಬಂತು, ಹಳೇ ಅಭ್ಯಾಸ ಕೈಗೆ ಬಂತು, ಮಾತಾಡಿಕೊಂಡಿದ್ದು ಮಾತ್ರ ನೆನಪಿಗೆ ಬರಲಿಲ್ಲ. ಮೂರು ಇಂಟು ಹಾಕಿದಳು. ಸೋಪು ನೆನೆಸುವಷ್ಟರಲ್ಲಿ ತವರಿನಿಂದ ಫೋನು. ಅಮ್ಮ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದರು. ಕೋಟನ್ನು ಮೇಜಿನ ಮೇಲೆ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಟೇ ಹೋದಳು.

ದಾರದ ಅಂಗಡಿಯಿಂದ ಹಿರಿಯವಳು ಬಂದು ನೋಡುತ್ತಾಳೆ: ಮೇಜಿನ ಮೇಲೆ ಕೋಟು, ಕೋಟಿನ ಮೇಲೆ ಮೂರು ಇಂಟು.

ಬ್ಯಾಂಡಿಗೆ ಹೊಸ ಕೋಟು ಬರುತ್ತದೆ, ಬರುತ್ತದೆ ಎಂದು ಎರಡು ವರ್ಷದಿಂದ ಅವಳ ಕಿವಿಗೆ ಬೀಳುತ್ತಿತ್ತು. 'ಅಂತೂ ಬಂತು' ಅಂದುಕೊಂಡಳು. 'ಒಂದು ಇಂಟು ಸಾಲದು ಅಂತ ಮೂರು ಹಾಕಿದ್ದಾಳೆ ನೋಡು. ಹನ್ನೊಂದು ವರ್ಷ ಒಗೆದು ಒಗೆದು ಈ ಕೋಟಿನ ಮೇಲೆ ಎಷ್ಟು ಸಿಟ್ಟಿತ್ತೋ ಏನೋ!'

ಇಂಥ ಬಟ್ಟೆ ದಿನಾ ಸಿಗುವಂಥದ್ದಲ್ಲ. ಎದೆಯ ಎರಡು ಭಾಗಕ್ಕೆ ಎರಡು ಪರ್ಸು, ತೋಳಿಗೆ ಒಂದೊಂದು, ಅಗಲವಾದ ಬೆನ್ನಿಗೆ ಒಂದು ದೊಡ್ಡದು, ಹೀಗೆ ಐದು. ಕಿರಿಯವಳು ಬರುವವರೆಗೆ ಕಾಯುವ ತಾಳ್ಮೆ ಇಲ್ಲದೆ ತಾನೇ ಮಷೀನಿಗೆ ಕೂತಳು. ಸಂಜೆ ಪೀಪಿ ಬಂದು, ಗಾಳಿಯಲ್ಲಿ ಬೆರಳಾಡಿಸುತ್ತ, ಗುನುಗುತ್ತ ಚಹಾ ಕುಡಿದ. ತುಟಿಯ ಮೇಲಿನ ಚಹಾ ಒರೆಸಲು ಮೇಜಿನಿಂದ ಹಸಿರು ತುಂಡೊಂದನ್ನು ಎತ್ತಿಕೊಂಡ. ಅದು ಅವನ ಕೋಟಿನ ಜೇಬು. ಒರೆಸಿ, ಅಲ್ಲೇ ಇಟ್ಟು ಹೋದ.

ಶನಿವಾರ ಮಧ್ಯಾಹ್ನ ಕಿರಿಯವಳು ಬಂದಳು. ಕಿಟಕಿಯ ಹಗ್ಗದ ಮೇಲೆ ಹಿತ್ತಾಳೆ ಗುಂಡಿಯ ಹಸಿರು ಪರ್ಸುಗಳು ಬಿಸಿಲಿಗೆ ಹೊಳೆಯುತ್ತಿದ್ದವು.

"ಅಕ್ಕ, ಇದೇನು?"

"ಚೆನ್ನಾಗಿದೆ ಅಲ್ವಾ? ಗುಂಡಿ ಹಾಗೇ ಬಿಟ್ಟೆ. ಜನ ನಿಂತು ನಿಂತು ನೋಡ್ತಿದ್ದಾರೆ."

"ಅಕ್ಕ, ಇದು ಅವರ ಕೋಟು."

"ಗೊತ್ತಮ್ಮ. ನೀನೇ ಇಂಟು ಹಾಕಿದ್ದೆಯಲ್ಲ."

"ಅದು ಕಲೆಗೆ ಹಾಕಿದ್ದು!"

"ಮೂರಾ?"

"ಮೂರು ಕಲೆ ಇತ್ತು!"

"ಹೊಸ ಕೋಟು ಬಂದಿಲ್ವಾ?" ಎಂದಳು ಹಿರಿಯವಳು, ದನಿ ಎಲ್ಲೋ ಬಾವಿಯೊಳಗಿಂದ ಬಂದಂತೆ.

"ಎಲ್ಲಿ ಬಂತು! ನಾಳೆ ಇದನ್ನೇ ಹಾಕ್ಕೊಂಡು ನುಡಿಸಬೇಕಿತ್ತು ಅವರು!"

ಇಬ್ಬರೂ ಬಟ್ಟೆ ರಾಶಿಯ ಮೇಲೆ ಕುಸಿದು ಕೂತರು. ಅಳುವುದಕ್ಕೂ ಸಮಯವಿರಲಿಲ್ಲ. ಒಂದು ಮಾತು ಮಾತ್ರ ಇಬ್ಬರಿಗೂ ಒಟ್ಟಿಗೇ ಹೊಳೆಯಿತು: ಪೀಪಿಗೆ ತಿಳಿಯಬಾರದು. ತಿಳಿದರೆ ಬಿಕ್ಕಳಿಕೆ, ಬಿಕ್ಕಳಿಕೆ ಹಿಡಿದರೆ ಎಲ್ಲ ಮುಗಿದಂತೆ.

"ಬಿಚ್ಚೋಣ," ಎಂದಳು ಹಿರಿಯವಳು. "ಕೋಟಿನಿಂದ ಪರ್ಸು ಆಗೋದಾದ್ರೆ ಪರ್ಸಿನಿಂದ ಕೋಟು ಯಾಕಾಗಬಾರದು? ಇಳಿಸು ಐದನ್ನೂ."

ಕಿರಿಯವಳು ಇಳಿಸಿ ಎಣಿಸಿದಳು. "ನಾಲ್ಕೇ ಇದೆ ಅಕ್ಕ."

ಹಿರಿಯವಳು ನಾಲಿಗೆ ಕಚ್ಚಿಕೊಂಡಳು. ದೊಡ್ಡದು ಬೆಳಿಗ್ಗೆಯೇ ಹೋಗಿತ್ತು. ಅದೂ ಯಾರ ಮನೆಗೆ? ಬ್ಯಾಂಡ್ ಮಾಸ್ತರರ ಹೆಂಡತಿ ತಾವೇ ಬಂದು, 'ನಮ್ಮ ಯಜಮಾನರ ಬಟ್ಟೆಗೆ ಒಳ್ಳೇ ಜೋಡಿ' ಎಂದು ಹೆಗಲಿಗೇರಿಸಿ ಹೋಗಿದ್ದರು.

ಹಿರಿಯವಳು ಬೇರೆ ಎರಡು ಚಂದದ ಪರ್ಸುಗಳನ್ನು ಚೀಲಕ್ಕೆ ಹಾಕಿಕೊಂಡು ಅಲ್ಲಿಗೆ ಓಡಿದಳು. ಮಾಸ್ತರರು ಎದುರಿನ ಕುರ್ಚಿಯಲ್ಲೇ ಕೂತು ಸ್ವರದ ಹಾಳೆ ತಿರುವುತ್ತಿದ್ದರು. ಅವರ ಮುಂದೆ ನಿಜ ಹೇಳುವಂತಿಲ್ಲ.

"ಅಮ್ಮಾವ್ರೇ, ಬೆಳಿಗ್ಗೆ ತಂದ್ರಲ್ಲ, ಆ ಪರ್ಸಿನಲ್ಲಿ ಹೊಲಿಗೆ ಸ್ವಲ್ಪ ಸಡಿಲ ಉಳಿದಿದೆ. ಬದಲಿಗೆ ಇದರಲ್ಲಿ ಯಾವುದು ಬೇಕೋ ಇಟ್ಕೊಳ್ಳಿ. ಎರಡೂ ಇಟ್ಕೊಳ್ಳಿ."

ಮಾಸ್ತರರ ಹೆಂಡತಿ ಪರ್ಸನ್ನು ತಂದು ಎರಡೂ ಕೈಯಿಂದ ಜಗ್ಗಿದರು. ಮತ್ತೂ ಜಗ್ಗಿದರು. ದಾರ ಮಿಸುಕಲಿಲ್ಲ. "ಎಲ್ಲಿ ಸಡಿಲ? ನಿಮ್ಮ ಕೈ ಹೊಲಿಗೆ ಬಿಡೋದುಂಟಾ? ಏನ್ರೀ, ನೀವೂ ಸ್ವಲ್ಪ ಎಳೆದು ನೋಡಿ."

ಮಾಸ್ತರರು ಎದ್ದು ಬಂದು ಎಳೆದರು. "ಕಬ್ಬಿಣ!" ಎಂದರು. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಇಂಥ ಉಣ್ಣೆ ಈಗ ಎಲ್ಲಿ ಬರುತ್ತೆ! ನಮ್ಮ ಬ್ಯಾಂಡಿಗೂ ಇಂಥದ್ದೇ ಹೊಲಿಸಿದ್ದು. ನಮ್ಮವರು ಜೋಪಾನ ಮಾಡಿರೋದ್ರಿಂದ ಇವತ್ತಿಗೂ ಹಾಗೇ ಇದೆ."

"ಹೌದಾ," ಎಂದಳು ಹಿರಿಯವಳು.

"ನಾಳೆ ಸಂಜೆ ಇದನ್ನೇ ಹಾಕ್ಕೊಂಡು ಮುಂದಿನ ಸಾಲಲ್ಲಿ ಕೂರ್ತೀನಿ," ಎಂದರು ಹೆಂಡತಿ. "ನಿಮ್ಮ ಮೈದುನಂದು ವಾದನ ಇದೆಯಂತಲ್ಲ!"

ಹೊಲಿಗೆ ಇಷ್ಟು ಗಟ್ಟಿಯಾದದ್ದಕ್ಕೆ ಹಿರಿಯವಳು ಜೀವನದಲ್ಲಿ ಮೊದಲ ಸಲ ತನ್ನನ್ನು ತಾನೇ ಬೈದುಕೊಂಡು ಹಿಂತಿರುಗಿದಳು.

ಅಷ್ಟರಲ್ಲಿ ಕಿರಿಯವಳು ನಾಲ್ಕು ಪರ್ಸುಗಳನ್ನೂ ಬಿಚ್ಚಿ ಹರಡಿದ್ದಳು. ಕೋಟಿಗೆ ಎದೆ ಇತ್ತು, ತೋಳಿತ್ತು, ಬೆನ್ನಿರಲಿಲ್ಲ. ಅಷ್ಟು ದಪ್ಪದ ಹಸಿರು ಬಟ್ಟೆಗಾಗಿ ಇಬ್ಬರೂ ಕೋಣೆಯನ್ನೆಲ್ಲ ತಲೆಕೆಳಗು ಮಾಡಿದರು. ಸಿಕ್ಕಿದ್ದು ಒಂದೇ, ಆ ಸೋಫಾದ ಹೊದಿಕೆ. ಹಸಿರೇನೋ ಹಸಿರೇ. ನಡುವೆ ಎರಡು ದೊಡ್ಡ ಗಿಳಿಗಳು ಕೊಕ್ಕಿಗೆ ಕೊಕ್ಕು ಕೊಟ್ಟು ಕೂತಿದ್ದವು.

"ಉಲ್ಟಾ ಮಾಡಿ ಹಾಕಿದ್ರೆ?" ಎಂದಳು ಕಿರಿಯವಳು.

ಉಲ್ಟಾ ಮಾಡಿದರೆ ಬಿಳಿ ದಾರಗಳು ಗಡ್ಡದಂತೆ ಇಳಿಬಿದ್ದವು.

"ಗಿಳಿನೇ ವಾಸಿ," ಎಂದಳು ಹಿರಿಯವಳು. "ಮೂರನೇ ಸಾಲಿನ ಹಿಂದೆ ಬೇಲಿ ಇದೆ. ಮುಂದೆ ಬಂದು ನಿಂತರೂ ಮುಖ ಜನರ ಕಡೆ. ಅವನ ಬೆನ್ನು ನೋಡೋರು ಯಾರು?"

ಅದು ಸರಿಯೆನಿಸಿತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೋಟು ಎದ್ದು ನಿಂತಿತು. ಎರಡೆರಡು ಸಲ ಹೊಲಿದದ್ದರಿಂದ ತೋಳು ಮೂರು ಬೆರಳು ಗಿಡ್ಡ. ಎದೆ ಬಿಗಿ. ಜಿಪ್ಪಿದ್ದ ಕಡೆ ಹಲ್ಲಿನ ಗುರುತು. ಇಸ್ತ್ರಿ ಬಿಸಿ ಆರುವ ಮುಂಚೆಯೇ ಹಾಕಬೇಕೆಂದು ಅವಸರ ಮಾಡಿ, ಒಬ್ಬಳು ಮುಂದಿನಿಂದ, ಒಬ್ಬಳು ಹಿಂದಿನಿಂದ ಪೀಪಿಗೆ ತೊಡಿಸಿದರು.

"ಬಿಗಿ ಆಗ್ತಿದೆಯಲ್ಲ ಅತ್ತಿಗೆ?"

"ಸಂತೋಷಕ್ಕೆ ನೀನೇ ಉಬ್ಬಿದ್ದೀಯಪ್ಪ. ನಡಿ."

ಕನ್ನಡಿಯ ಮೇಲೆ ಆಗಲೇ ಒಂದು ಪರದೆ ಬಿದ್ದಿತ್ತು. ಉದ್ಯಾನದವರೆಗೆ ಹಿರಿಯವಳು ಅವನ ಬೆನ್ನಿಗೇ ಅಂಟಿಕೊಂಡು ನಡೆದಳು. ಎರಡು ಸಲ ಅವನ ಹಿಮ್ಮಡಿ ತುಳಿದಳು. ಅವನು ಬೇಲಿಗೆ ಬೆನ್ನು ಕೊಟ್ಟು ಮೂರನೇ ಸಾಲಿನ ಮೂಲೆಯಲ್ಲಿ ಕೂತಾಗ ಇಬ್ಬರ ಹೊಟ್ಟೆಗೂ ಹಾಲು ಹೊಯ್ದಂತಾಯಿತು.

ಅವರ ಲೆಕ್ಕದಲ್ಲಿ ಒಂದು ತಪ್ಪಿತ್ತು. ಜನರ ಕಡೆಗೆ ಮುಖ ಮಾಡಿ ನಿಂತವನ ಬೆನ್ನು ಬ್ಯಾಂಡಿನ ಕಡೆಗಿರುತ್ತದೆ.

ಮೂರು ಹಾಡು ಮುಗಿದು ಮಾಸ್ತರರು ಕೋಲಿನಿಂದ ಸನ್ನೆ ಮಾಡಿದರು. ಪೀಪಿ ಎದ್ದು, ಸಾಲು ದಾಟಿ ಮುಂದೆ ಬಂದು ನಿಂತ. ಮೊದಲ ಸ್ವರ ಸಣ್ಣಗೆ, ನೇರವಾಗಿ ಹೊರಟಿತು. ಉಳಿದವರು ಸೇರಿಕೊಂಡರು. ಅಷ್ಟರಲ್ಲಿ ಎರಡನೇ ಸಾಲಿನ ಕೊಳಲಿನವನು ಕಣ್ಣೆತ್ತಿದ. ಎತ್ತಿದವನು ಇಳಿಸಲಿಲ್ಲ. ಕೊಳಲಿನಿಂದ ಫುಸ್ಸೆಂದು ಗಾಳಿ ಹೊರಟಿತು. ಪಕ್ಕದವನು ಏನೆಂದು ನೋಡಿದ, ಅವನ ತುತ್ತೂರಿ ಕರುವಿನಂತೆ ಒಮ್ಮೆ ಕೂಗಿ ನಿಂತಿತು. ನಗುವವನ ತುಟಿಯಲ್ಲಿ ಊದುವ ವಾದ್ಯ ನಿಲ್ಲುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಉದುರಿಹೋದರು. ದೊಡ್ಡ ಕಹಳೆಯವನು ಕಹಳೆಯೊಳಕ್ಕೇ ಮುಖ ಹುದುಗಿಸಿದ. ಡೋಲಿನವನು ಕೋಲು ಕಚ್ಚಿಕೊಂಡು ಕಣ್ಣೀರು ಸುರಿಸುತ್ತಿದ್ದ. ಮಾಸ್ತರರು ಅವರೆಲ್ಲರನ್ನು ಸುಡುವಂತೆ ನೋಡಿ, ಇವರು ನೋಡುತ್ತಿರುವುದೇನೆಂದು ತಾವೂ ತಿರುಗಿ ನೋಡಿದರು. ಕೋಲು ಗಾಳಿಯಲ್ಲಿ ಹಾಗೇ ನಿಂತುಬಿಟ್ಟಿತು.

ಹಿರಿಯವಳು ಕಿರಿಯವಳ ಕೈಯನ್ನು ಬಟ್ಟೆ ಹಿಂಡುವಂತೆ ಹಿಂಡಿದಳು. 'ನಿಲ್ಲಿಸಬೇಡಪ್ಪ, ತಿರುಗಬೇಡ,' ಎಂದು ಮನಸ್ಸಿನಲ್ಲೇ ಜಪಿಸಿದಳು.

ಪೀಪಿ ನಿಲ್ಲಿಸಲಿಲ್ಲ. ಹನ್ನೊಂದು ವರ್ಷ ಪುಂ ಪುಂ ಎಂದವನಿಗೆ ಹಾಡಿನ ಎಲ್ಲ ಭಾಗವೂ ಬಾಯಿಪಾಠ. ಹಿಂದೆ ಸದ್ದು ಸತ್ತಿತೆಂದು ತಿಳಿದಾಗ ಅವನ ಹುಬ್ಬು ಒಮ್ಮೆ ಮೇಲೇರಿತು. ಕಣ್ಣು ಮುಚ್ಚಿಕೊಂಡ. ಕೊಳಲಿನ ಸಾಲನ್ನೂ ತಾನೇ ಎತ್ತಿಕೊಂಡ, ತುತ್ತೂರಿಯದನ್ನೂ ಎತ್ತಿಕೊಂಡ. ಮಕ್ಕಳ ಗಾಡಿ ತಳ್ಳುತ್ತಿದ್ದ ತಾಯಂದಿರು ನಿಂತರು. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಮುದುಕ ಎದ್ದು ಟೋಪಿ ತೆಗೆದ. ಇಡೀ ಉದ್ಯಾನದಲ್ಲಿ ಆ ಒಂದೇ ಕ್ಲಾರಿನೆಟ್. ಮುಗಿದಾಗ ಜನ ಕೂತಲ್ಲಿಂದ ಎದ್ದು ಚಪ್ಪಾಳೆ ತಟ್ಟಿದರು. ಪೀಪಿ ಬಾಗಿ ನಮಸ್ಕರಿಸಿದ. ಬಾಗಿದಾಗ ಗಿಳಿಗಳು ಇನ್ನೂ ಚೆನ್ನಾಗಿ ಕಂಡವೆಂದು ಬ್ಯಾಂಡಿನವರು ಆಮೇಲೆ ಹೇಳಿದರು.

ಮಾಸ್ತರರು ನೇರವಾಗಿ ಬಂದು ನಿಂತದ್ದು ಹಿರಿಯವಳ ಮುಂದೆ. ಹೆಂಡತಿಯ ಹೆಗಲಿನ ಕಡೆ ಒಮ್ಮೆ ನೋಡಿ, ಪೀಪಿಯ ಕಡೆ ಒಮ್ಮೆ ನೋಡಿ, ಎಲ್ಲ ತಿಳಿಯಿತೆನ್ನುವಂತೆ ಮೂಗಿನಿಂದ ಉಸಿರು ಬಿಟ್ಟರು.

"ಇವನನ್ನ ಮೊದಲನೇ ಸಾಲಿಗೆ ತರಬೇಕು," ಎಂದರು. "ಈ ಕೋಟಿನಲ್ಲಿ ತಂದ್ರೆ ನನ್ನ ಬ್ಯಾಂಡು ಉಳಿಯಲ್ಲ. ಹೊಸ ಕೋಟು ಯಾವಾಗ ಬರುತ್ತೋ ನನಗೂ ಗೊತ್ತಿಲ್ಲ. ನೀವೇ ಹೊಲಿದುಕೊಡ್ತೀರಾ? ಬಟ್ಟೆ ನಾನು ಕೊಡಿಸ್ತೀನಿ. ಒಂದಿಡೀ ಥಾನು."

"ಹೊಸ ಬಟ್ಟೆನಾ?" ಎಂದಳು ಹಿರಿಯವಳು ಅನುಮಾನದಿಂದ. ಹೊಸ ಬಟ್ಟೆಗೆ ಕತ್ತರಿ ಇಟ್ಟು ಅವಳಿಗೆ ಅಭ್ಯಾಸವೇ ಇರಲಿಲ್ಲ.

ದಾರಿಯಲ್ಲಿ ಪೀಪಿ ಕ್ಲಾರಿನೆಟ್ಟನ್ನು ಒರೆಸುತ್ತಲೇ ನಡೆದ. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದ: "ಅತ್ತಿಗೆ, ನಿಜ ಹೇಳಿ. ನಡುವೆ ಎಲ್ಲರೂ ನಿಲ್ಲಿಸಿಬಿಟ್ಟರಲ್ಲ. ನಾನೆಲ್ಲಾದ್ರೂ ತಪ್ಪಿದ್ನಾ?"

ಇನ್ನು ಮುಚ್ಚಿಡುವುದು ಪಾಪವೆನಿಸಿತು. ಹಿರಿಯವಳು ಇಂಟಿನಿಂದ ಹಿಡಿದು ಗಿಳಿಯವರೆಗೆ ಎಲ್ಲ ಹೇಳಿದಳು. ಪೀಪಿ ಬೀದಿಯ ನಡುವೆ ನಿಂತು, ಕೋಟು ಬಿಚ್ಚಿ, ಬೆನ್ನನ್ನು ಮುಂದೆ ಹಿಡಿದು ನೋಡಿದ. ಬಿಕ್ಕಳಿಕೆ ಈಗ ಬಂತು, ಈಗ ಬಂತು ಎಂದು ವಾರಗಿತ್ತಿಯರು ಅವನ ಬಾಯನ್ನೇ ನೋಡಿದರು.

"ಅಂದ್ರೆ ಇದನ್ನ ನೋಡಿ ನಿಲ್ಲಿಸಿದ್ದು?"

"ಇದನ್ನ ನೋಡಿಯೇ ಕಣಪ್ಪ."

"ನನ್ನ ಸ್ವರ ಕೇಳಿ ಅಲ್ಲ?"

"ನಿನ್ನ ಸ್ವರ ಕೇಳೋಕೆ ಅವರಿಗೆ ಪುರುಸೊತ್ತೆಲ್ಲಿತ್ತು!"

ಪೀಪಿಯ ಮುಖ ಅರಳಿತು. ಕೋಟನ್ನು ಒದರಿ ಮತ್ತೆ ತೊಟ್ಟುಕೊಂಡ. ಗಿಡ್ಡ ತೋಳುಗಳನ್ನು ಕೆಳಗೆಳೆದುಕೊಂಡು, "ಹಾಗಾದ್ರೆ ಆ ಕೊಳಲಿನ ಭಾಗ ನಾನು ನುಡಿಸಿದ್ದು ಹೇಗಿತ್ತು ಹೇಳಿ," ಎಂದು ಮನೆ ತಲುಪುವವರೆಗೂ ಅದನ್ನೇ ಬಾಯಲ್ಲಿ ನುಡಿಸುತ್ತ ನಡೆದ.