ಬಕೆಟ್ಟಿನ ನೀರಿನಲ್ಲಿ ಒಂದು ದೋಣಿ ಮೋಟಾರು

ಹಿಂಗಾರಿ ಬಿತ್ತನೆ ನಡೆದಿತ್ತು. ಕೃಷ್ಣೆಯ ಹಿನ್ನೀರು ಹೊಲಗಳ ಬದುವಿನ ತನಕ ಬಂದು ನಿಂತಿತ್ತು. ಮೇಲೆ ಎತ್ತುಗಳು ಕೂರಿಗೆ ಎಳೆಯುತ್ತಿದ್ದವು, ಕೆಳಗೆ ದಂಡೆಯಲ್ಲಿ ಅಂಬಿಗರು ಬಲೆ ಕೊಡವುತ್ತಿದ್ದರು. ಆ ಬೆಳಗು ಕೆಲಸವಿಲ್ಲದೆ ಇದ್ದವನು ನಾನೊಬ್ಬನೇ. ದೋಣಿಯ ಹಿಂಬದಿಗೆ ಬಿಗಿದುಕೊಂಡು, ರೆಕ್ಕೆ ನೀರಿನಲ್ಲಿ ಇಳಿಬಿಟ್ಟು, ತಿರುಗಲಾರದೆ ನಿಂತಿದ್ದೆ.

ನಾನು ಒಂದು ದೋಣಿ ಮೋಟಾರು. ಎಣ್ಣೆ ಕುಡಿದು ಹೊಗೆ ಬಿಡುವ ಜಾತಿಯವನಲ್ಲ. ಬ್ಯಾಟರಿಯ ಮೇಲೆ ನಡೆಯುವವನು. ಮೇಲಿನ ತುದಿಗೆ ಹಿಡಿಕೆ, ನಡುವೆ ಉದ್ದನೆಯ ಕೊಳವೆ, ಕೆಳಗೆ ತಾಮ್ರದ ತಂತಿ ತುಂಬಿದ ಹೊಟ್ಟೆ, ಎರಡು ರೆಕ್ಕೆ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿ ಒಂದು ಗಳಿಗೆ ಗಾಳಿಯಲ್ಲಿ ತಿರುಗಿಸಿ ನೋಡಿ ಪೆಟ್ಟಿಗೆಗೆ ಹಾಕಿದರು. ಆಗಿನಿಂದಲೂ ನನಗೊಂದು ಚಟಪಡಿಕೆ ಅಂಟಿಕೊಂಡಿದೆ. ತಿರುಗುವಾಗ ಇದ್ದೇನೆ ಅನ್ನಿಸುತ್ತದೆ. ನಿಂತರೆ ಏನೋ ಮರೆತು ಬಂದವನ ಹಾಗೆ ಆಗುತ್ತದೆ.

ನನ್ನನ್ನು ಮೊದಲು ಕೊಂಡವರು ಬಾಗಲಕೋಟೆಯ ಎಲುಬಿನ ಡಾಕ್ಟರು, ಮಣ್ಣೂರ ಸಾಹೇಬರು. ಭಾನುವಾರ ಗಾಳ ಹಾಕಲು ಬರುತ್ತಿದ್ದರು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಿದ್ದರು. ಅವರ ಜೊತೆಗೆ ಹುಟ್ಟು ಹಾಕಲು ಬರುತ್ತಿದ್ದ ಅಂಬಿಗರ ಯಮನಪ್ಪನಿಗೆ ಇದನ್ನು ನೋಡಿ ತಡೆಯಲಾಗುತ್ತಿರಲಿಲ್ಲ.

"ಬಿಡೂದಿದ್ರ ಹಿಡಿಯೂದ್ಯಾಕ್ರೀ ಸಾಹೇಬ್ರ?"

"ನೀ ಸಂತ್ಯಾಗ ಬೀಗರ ಕೂಡ ಮಾತಾಡಿ ಬಿಟ್ಟು ಬರೂದಿಲ್ಲೇನು? ಹಂಗ."

ಒಂದು ವರ್ಷ ಯಮನಪ್ಪ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಭುಜ ಮುರಿದುಕೊಂಡ. ಡಾಕ್ಟರೇ ಕೂಡಿಸಿದರು. ಎಲುಬು ಕೂಡಿತು, ಆದರೆ ಕೈ ಎದೆಗಿಂತ ಮೇಲೆ ಏಳಲಿಲ್ಲ. ಡಾಕ್ಟರು ನನ್ನನ್ನು ತಂದು ಅವನ ದೋಣಿಗೆ ಬಿಗಿದರು. "ನಿನ್ನ ಭುಜ ಪೂರ್ತಿ ಮಾಡಿ ಕೊಡಾಕ ನನ್ನ ಕೈಲಿ ಆಗಲಿಲ್ಲ. ಉಳಿದದ್ದು ಇದು ಮಾಡ್ತದ" ಅಂದರು.

ಹೀಗೆ ನಾನು ಒಬ್ಬ ಮನುಷ್ಯನ ತೋಳಾದೆ. ಅವನ ಹೆಂಡತಿ ಕಾಶವ್ವ ಹುಟ್ಟು ಹಾಕುವುದರಲ್ಲಿ ಗಂಡಸರನ್ನು ಮೀರಿಸಿದವಳು. ಆದರೆ ಹೆಂಡತಿ ದೋಣಿ ನಡೆಸಿ ಗಂಡ ಸುಮ್ಮನೆ ಕೂತು ಬಂದ ಅಂತ ದಂಡೆಯ ಜನ ನಗುತ್ತಾರೆಂಬ ಹೆದರಿಕೆ ಯಮನಪ್ಪನಿಗೆ. ನಾನು ನಡೆಯುವ ತನಕ ಅವನು ಅಂಬಿಗ.

ನನ್ನ ಕಾಯಿಲೆ ನೋಡುತ್ತಿದ್ದವನು ದಾವಲಸಾಬ. ರಸ್ತೆ ಕೂಡುವ ಕ್ರಾಸಿನಲ್ಲಿ ಸುಟ್ಟ ಪಂಪ್‌ಸೆಟ್ಟುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ವೈಂಡಿಂಗ್ ಮಾಡುವ ಅಂಗಡಿ ಅವನದು. ಅವನೂ ಯಮನಪ್ಪನೂ ಒಂದೇ ಶಾಲೆಯಲ್ಲಿ ಒಂದೇ ಮಾಸ್ತರರ ಕೈಲಿ ಪೆಟ್ಟು ತಿಂದವರು. ನಾನು ಮೊದಲ ಸಲ ನಿಂತಾಗ ಅವನು ನನ್ನ ಹೊಟ್ಟೆ ಬಿಚ್ಚಲಿಲ್ಲ. ರೆಕ್ಕೆ ಕಳಚಿ, ಹಿಂದೆ ಸುತ್ತಿಕೊಂಡಿದ್ದ ಬಲೆಯ ನೂಲನ್ನು ಬ್ಲೇಡಿನಿಂದ ಕೊಯ್ದು ತೋರಿಸಿದ. "ಮೀನಾ ಹಿಡಿ ಅಂದ್ರ ಮೋಟಾರ ಹಿಡದೀಯಲ್ಲೋ ಯಮನ್ಯಾ!" ಅಂದು ನಕ್ಕ.

ನಾನು ತಿರುಗಲಾರದೆ ನಿಂತ ಆ ವರ್ಷ, ಮಹಾನವಮಿಗೆ ಒಂದು ವಾರ ಮುಂಚೆ ದಾವಲಸಾಬ ನನ್ನನ್ನು ಬಿಚ್ಚಿ, ಸವೆದ ಕಾರ್ಬನ್ ಬ್ರಷ್ ತೆಗೆದು ಹೊಸದು ಹಾಕಿದ್ದ. ಹಗುರಾಗಿ ಓಡುತ್ತಿದ್ದೆ. ಹಬ್ಬದ ಹಿಂದಿನ ಸಂಜೆ ನಾವು ದೂರದ ನಡುನೀರಿನಲ್ಲಿ ಬಲೆ ಬಿಟ್ಟು ಬಂದೆವು. ನಸುಕಿನಲ್ಲೇ ಎತ್ತುವುದಿತ್ತು, ಆದರೆ ಗಾಳಿ ಎದ್ದಿತು. ಹೊತ್ತೇರಿದ ಮೇಲೆ ಖಂಡೆ ಪೂಜೆ, ದುಡಿಯುವ ಆಯುಧಗಳ ಪೂಜೆ. ಪೂಜೆಗೆ ಕೂತ ದೋಣಿಯನ್ನು ಆ ದಿನ ನೀರಿಗೆ ಇಳಿಸುವುದಿಲ್ಲ. ಬಲೆ ಅಲ್ಲೇ ಉಳಿಯಿತು.

ಪೂಜೆಯನ್ನು ಯಮನಪ್ಪ ಚೆಂದ ಮಾಡಿದ. ಬ್ಯಾಟರಿಯ ವೈರು ಕಳಚಿ ಒರೆಸಿದ. ಕೊಡಲಿಗೆ, ಕುಡುಗೋಲಿಗೆ ಹಚ್ಚುವ ಹಾಗೆಯೇ ಬ್ಯಾಟರಿಯ ಎರಡೂ ಟರ್ಮಿನಲ್ಲುಗಳ ಸುತ್ತ ನೀರಲ್ಲಿ ಕಲಸಿದ ವಿಭೂತಿ ದಪ್ಪಗೆ ಬಳಿದ. ನೆತ್ತಿಗೆ ಮಾತ್ರ ಕುಂಕುಮದ ಬೊಟ್ಟು. ಮರುದಿನ ನಸುಕಿನಲ್ಲಿ, ಒಣಗಿ ಸುಣ್ಣದಂತಾಗಿದ್ದ ಆ ವಿಭೂತಿಯ ಮೇಲೆಯೇ ವೈರಿನ ಕ್ಲಾಂಪು ಕೂಡಿಸಿ ಬಿಗಿದ. ಒರೆಸುವುದು ಹೇಗೆ? ದೇವರಿಗೆ ಹಚ್ಚಿದ್ದು.

ಹಿಡಿಕೆ ತಿರುವಿದ. ಒಮ್ಮೆ ಮೈ ಕೊಡವಿದೆ, ನಿಂತೆ. ಮತ್ತೆ ತಿರುವಿದ. ಬರಬೇಕಾದ್ದು ನನ್ನ ತನಕ ಬರಲಿಲ್ಲ. ರೆಕ್ಕೆ ತೆಗೆದು ನೋಡಿದ, ನೂಲಿಲ್ಲ. ಫ್ಯೂಜು ನೋಡಿದ, ನೆಟ್ಟಗಿತ್ತು. ವೈರನ್ನು ಉದ್ದಕ್ಕೂ ಹಿಸುಕಿದ. ಬಿಸಿಲು ಏರುತ್ತಿತ್ತು. ಎರಡು ದಿನದ ಬಲೆ; ತಡವಾದರೆ ಮೀನು ಮೆತ್ತಗಾಗುತ್ತವೆ. ಉಳಿದ ದೋಣಿಗಳು ತಿರುಗಿ ಬರತೊಡಗಿದವು. "ಯಾಕೋ ಯಮನಪ್ಪಾ, ನಿಮ್ಮ ಡಾಕ್ಟರ್ ಸಾಹೇಬ್ರು ಮಲಗ್ಯಾರೇನು?" ಅಂತ ಒಬ್ಬ ನನ್ನತ್ತ ಕೈ ಮಾಡಿ ಕೂಗಿದ. ದಂಡೆಯೆಲ್ಲ ನಕ್ಕಿತು.

ಫೋನು ಹೋಗಿ, ದಾವಲಸಾಬ ಸೈಕಲ್ ತುಳಿದುಕೊಂಡು ಬಂದ. ಟೆಸ್ಟ್ ಬಲ್ಬಿನ ಎರಡು ಮೊನೆಯನ್ನು ಟರ್ಮಿನಲ್ಲುಗಳ ನೆತ್ತಿಗೆ ಚುಚ್ಚಿದ. ಕುಂಕುಮ ತೂರಿ ಮೊನೆ ಸೀಸಕ್ಕೆ ತಾಗಿತು, ಬಲ್ಬು ಹತ್ತಿತು.

"ಬ್ಯಾಟರಿ ಚೊಲೊ ಐತಿ."

"ಅಂದ್ರ ಮೋಟಾರ ಕೆಟ್ಟೈತಿ. ಎಂಟು ದಿನದ ಹಿಂದ ಅದರ ಹೊಟ್ಟಿ ಬಿಚ್ಚಿದಾಂವ ಯಾರು?"

"ತಡಿಯೋ ಮಾರಾಯಾ. ಬ್ಯಾರೆ ವೈರ್ ತಗೊಂಡು ನೇರ ಕೊಟ್ಟು ನೋಡೂಣು."

ನೇರ ಕೊಟ್ಟಿದ್ದರೆ ನಾನು ಆ ಗಳಿಗೆಯಲ್ಲೇ ತಿರುಗುತ್ತಿದ್ದೆ. ಆದರೆ ದಂಡೆಯ ನಗು ಯಮನಪ್ಪನ ತಲೆಗೇರಿತ್ತು.

"ಏನೂ ಕೊಡಬ್ಯಾಡ. ಒಳಗಿನ ತಾಮ್ರ ತಗದು ಏನ ತುರುಕಿದ್ದಿ ಅದನ್ನ ಹೇಳು!"

ಬಲೆ ಕೊಡವುತ್ತಿದ್ದವರೆಲ್ಲ ತಿರುಗಿ ನೋಡಿದರು. ದಾವಲಸಾಬ ಪಕ್ಕಡ್, ಬಲ್ಬು ಒಂದೊಂದಾಗಿ ಚೀಲಕ್ಕೆ ಹಾಕಿದ. "ಯಮನ್ಯಾ, ನೀ ಏನಂದಿ ಗೊತ್ತೈತೇನು?" ಅಂದ. ಉತ್ತರಕ್ಕೆ ಕಾಯದೆ ಸೈಕಲ್ ಹತ್ತಿದ.

ಆಗ ಕಾಶವ್ವ ಯಾರನ್ನೂ ಕೇಳದೆ ಸೀರೆ ಕಚ್ಚೆ ಹಾಕಿ ದೋಣಿಗೆ ಇಳಿದಳು. ಗಂಡನನ್ನು ದಂಡೆಯಲ್ಲಿ ಬಿಟ್ಟು, ಹುಟ್ಟು ಹಾಕಿಕೊಂಡು ಹೋಗಿ ಬಲೆ ಎತ್ತಿ ತಂದಳು. ಅರ್ಧ ಮೀನು ಚೆಲ್ಲಬೇಕಾಯಿತು.

ಸಂಜೆ ಬ್ಯಾಟರಿಯನ್ನು ಮನೆಗೆ ಒಯ್ಯಲು ಕ್ಲಾಂಪು ಬಿಚ್ಚಿದವಳೂ ಅವಳೇ. ಒಳಮೈಗೆ ಬಿಳಿಯ ಹಕ್ಕಳೆ ಕಟ್ಟಿತ್ತು. ಚೂರಿಯಿಂದ ಕೆರೆದಳು, ಸೆರಗಿನಿಂದ ಒರೆಸಿದಳು, ಮತ್ತೆ ಬಿಗಿದು ಹಿಡಿಕೆ ತಿರುವಿದಳು. ದೋಣಿ ಹಗ್ಗ ಜಗ್ಗುವಷ್ಟು ಜೋರಾಗಿ ತಿರುಗಿದೆ. ದಿನವಿಡೀ ಹಿಡಿದಿಟ್ಟ ಚಟಪಡಿಕೆ ಅದು.

"ನೋಡ್ರಿ ಇಲ್ಲಿ. ಕಳ್ಳ ಸಿಕ್ಕ" ಅಂದಳು ಕಾಶವ್ವ. "ನಾಳಿ ಕ್ರಾಸಿಗೆ ಹೋಗಿ ದಾವಲಣ್ಣಗ ಒಂದು ಮಾತು ಹೇಳಿ ಬರ್ರಿ."

"ಹೇಳ್ತೀನಿ" ಅಂದ ಯಮನಪ್ಪ.

ನಾಳೆ ಗಾಳಿ ಇತ್ತು. ನಾಡಿದ್ದು ಸಂತೆ ಇತ್ತು. ಆಮೇಲೆ ದಾವಲಸಾಬನ ಮನೆಗೆ ಎರಡು ಕಟ್ಲಾ ಮೀನು ಕಳಿಸಿದ; ಅವು ಹಾಗೆಯೇ ತಿರುಗಿ ಬಂದವು. ಅಷ್ಟರಲ್ಲಿ ದಂಡೆಯ ಮಾತು ಹೊಲಗಳಿಗೆ ಏರಿತ್ತು. ಪಂಪ್‌ಸೆಟ್ಟು ಸುಟ್ಟರೆ ರೈತರು, ಒಳಗಿನ ತಾಮ್ರ ಕಡಿಮೆಯಾದರೆ ತಿಳಿಯಲೆಂದು, ಮೊದಲು ಹತ್ತಿಯಂಗಡಿಯ ತಕ್ಕಡಿಯಲ್ಲಿ ಅದನ್ನು ತೂಗಿಸಿ, ಚೀಟಿ ಬರೆಸಿಕೊಂಡು, ಆಮೇಲೆ ದಾವಲಸಾಬನಿಗೆ ಕೊಡತೊಡಗಿದರು. ಇದನ್ನು ನಾನು ದೋಣಿಯಲ್ಲಿ ಕೂತವರ ಬಾಯಲ್ಲೇ ಕೇಳಿದೆ. ಯಮನಪ್ಪನೂ ಕೇಳಿದ. ಹಿಡಿಕೆ ತಿರುವಿ ನನ್ನನ್ನು ಇನ್ನೂ ಜೋರಾಗಿ ಓಡಿಸಿದ.

ಮೂರು ವರ್ಷ ನಾನು ನಡೆದೆ. ಒಂದು ದಿನ ಸೀಲು ಸವೆದು ಹೊಟ್ಟೆಗೆ ನೀರು ಹೊಕ್ಕಿತು, ನಿಜವಾಗಿಯೇ ಸುಟ್ಟೆ. ಆಗ ಯಮನಪ್ಪ ನನ್ನನ್ನು ಎಡಹೆಗಲ ಮೇಲೆ ಹೊತ್ತು ಕ್ರಾಸಿಗೆ ಬಂದ. ದಾವಲಸಾಬ ಸ್ಟೂಲು ಸರಿಸಿದ, ಚಹಾ ತರಿಸಿದ. ಇಬ್ಬರೂ ನೀರಿನ ಮಟ್ಟ ಮಾತಾಡಿದರು, ಸತ್ತುಹೋದ ಮಾಸ್ತರರ ಬಗ್ಗೆ ಮಾತಾಡಿದರು. ಚಹಾ ಮುಗಿದ ಮೇಲೆ ಯಮನಪ್ಪ ತಲೆ ತಗ್ಗಿಸಿ, "ಅವತ್ತ ನನ್ನದು ತಪ್ಪಾತು ದಾವಲಾ. ವಿಭೂತಿ ಅಡ್ಡ ಕುಂತಿತ್ತು" ಅಂದ.

"ಗೊತ್ತೈತಿ. ಕಾಶವ್ವ ಆವಾಗ್ಲೇ ಹೇಳಿ ಹೋಗ್ಯಾಳ."

"ಮತ್ತ?"

"ಮತ್ತೇನು? ದಂಡಿ ಮ್ಯಾಲೆ ಅಂದದ್ದು ದಂಡಿ ಮ್ಯಾಲೇ ಹೇಳು. ಅಂಗಡ್ಯಾಗ ನನಗೊಬ್ಬಗ ಹೇಳಿದ್ರ ತಕ್ಕಡಿ ನಿಂದ್ರೂದಿಲ್ಲ. ಮೋಟಾರ ರೆಡಿ ಮಾಡಿ ಇಟ್ಟಿರ್ತೀನಿ. ಹೇಳಿದ ದಿನ ಬಂದು ಒಯ್ಯಿ."

ಅದು ಹೋದ ಸುಗ್ಗಿಯ ಮಾತು. ದಾವಲಸಾಬ ನನಗೆ ಹೊಸ ತಾಮ್ರ ಸುತ್ತಿದ್ದಾನೆ, ಮೊದಲಿದ್ದದ್ದಕ್ಕಿಂತ ಚೊಕ್ಕವಾಗಿ. ಗೋಡೆಯ ಗೂಟದಲ್ಲಿ ತೂಗುತ್ತಿದ್ದೇನೆ. ಇಲ್ಲಿಂದ ರಸ್ತೆ ಕಾಣುತ್ತದೆ, ನೀರು ಕಾಣುವುದಿಲ್ಲ. ಈಗ ಕಾಶವ್ವ ಹುಟ್ಟು ಹಾಕುತ್ತಾಳಂತೆ, ಯಮನಪ್ಪ ಮುಂದೆ ಕೂತು ಬಲೆ ಬಿಡುತ್ತಾನಂತೆ. ಯಾರೂ ನಗುವುದಿಲ್ಲವಂತೆ. ಯಾವ ನಗುವಿಗೆ ಹೆದರಿ ಆ ಮಾತು ಆಡಿದನೋ ಆ ನಗುವೇ ಇಲ್ಲ. ಆದರೂ ದಂಡೆಯ ಮೇಲೆ ನಿಂತು ಬಾಯಿ ತೆರೆಯಲು ಅವನಿಗೆ ಆಗಿಲ್ಲ.

ಸೋಮವಾರಕ್ಕೊಮ್ಮೆ ದಾವಲಸಾಬ ನನ್ನನ್ನು ಇಳಿಸಿ, ನೀರು ತುಂಬಿದ ಬಕೆಟ್ಟಿನಲ್ಲಿಟ್ಟು ವೈರು ಕೊಡುತ್ತಾನೆ. ಅದಕ್ಕೂ ಮೊದಲು ಕ್ಲಾಂಪಿನ ಒಳಮೈಯನ್ನು ಬೆರಳಿನಿಂದ ಒರೆಸುತ್ತಾನೆ. ತಿರುಗುತ್ತೇನೆ. ನೀರು ಸುಳಿಯಾಗಿ ಅಂಚು ದಾಟಿ ಅವನ ಪಾದದ ಮೇಲೆ ಚೆಲ್ಲುತ್ತದೆ. ನಾನು ಹೋಗುವುದೆಲ್ಲಿಗೆ? ಬಕೆಟ್ಟು ಅಲ್ಲಾಡುತ್ತದೆ, ಅಷ್ಟೇ. ಮೋಟಾರು ತೂಗಿಸಿದ ಚೀಟಿ ಹಿಡಿದ ರೈತನೊಬ್ಬ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ದಾವಲಸಾಬ ನನ್ನನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಆ ಚೀಟಿ ತೆಗೆದುಕೊಂಡು ಮೊಳೆಗೆ ಚುಚ್ಚುತ್ತಾನೆ.