ಸೀವುಡ್ಸಿನಲ್ಲಿ ಎರಡನೇ ಪಿಟೀಲು

ನಾನು ಕದ್ದೆನಂತೆ! ಅರುವತ್ತು ದಾಟಿದ ಮೇಲೆ, ಅದೂ ಇಪ್ಪತ್ತೆಂಟರ ಹುಡುಗನ ಬಾಯಲ್ಲಿ, ಇದನ್ನು ಕೇಳಬೇಕಾಯಿತು ನೋಡಿ.

"ಕಾಕೂ, ಮೆಲಡಿ ಮಾಝೀ ಆಹೆ! ತುಮ್ಹೀ ಸೆಕೆಂಡ್ ವಾಜವಾ ನಾ," ಎಂದ ಸ್ವಪ್ನಿಲ್. ಮುಖ್ಯ ರಾಗ ಅವನದು, ಅದನ್ನು ನಾನು ಕದಿಯುವುದು ಬಿಟ್ಟು ಎರಡನೇ ಪಿಟೀಲಿಗೆಂದು ಬರೆದ ಪಾಠವನ್ನಷ್ಟೇ ನುಡಿಸಬೇಕು ಎಂದು ತಕರಾರು.

ನಮ್ಮದು ನಾಲ್ಕೇ ಜನರ ತಂತಿವಾದ್ಯದ ತಂಡ. ಮೊದಲ ಪಿಟೀಲು ಸ್ವಪ್ನಿಲ್, ವಯೋಲಾ ಸೋನಾಲಿ, ಎದೆಯೆತ್ತರದ ಚೆಲ್ಲೊ ಹೊತ್ತು ತಿರುಗುವ ಯತಿನ್, ಎರಡನೇ ಪಿಟೀಲು ನಾನು, ವಿನೋದಾ. ಮೊದಲಿದ್ದ ಹುಡುಗಿ ಮದುವೆಯಾಗಿ ಪುಣೆಗೆ ಹೋದದ್ದರಿಂದ ನನಗೆ ಸಿಕ್ಕ ಜಾಗ. ಹಳೆಯ ಕ್ರಿಸ್‌ಮಸ್ ಕೆರೋಲುಗಳನ್ನು ನಾಲ್ಕು ವಾದ್ಯಕ್ಕೆ ಹೊಂದಿಸಿ ಬರೆದವನೂ ಸ್ವಪ್ನಿಲ್ಲೇ. ಡಿಸೆಂಬರ್ ಇಪ್ಪತ್ತಮೂರರ ಸಂಜೆ ಸೀವುಡ್ಸ್ ಸ್ಟೇಷನ್ ಮೇಲಿನ ಮಾಲ್‌ನಲ್ಲಿ ಅವನ್ನು ನುಡಿಸುವುದಿತ್ತು.

ನನ್ನ ಕಷ್ಟ ಆ ಹುಡುಗನಿಗೆ ಎಲ್ಲಿ ಗೊತ್ತಾಗಬೇಕು? ನಾನು ಕಚೇರಿಯ ಪಕ್ಕವಾದ್ಯದವಳು. ಡೊಂಬಿವಲಿ, ಕಲ್ಯಾಣ, ಠಾಣೆ ಎಂದು ಮೂವತ್ತೈದು ವರ್ಷ ಹಾಡುವವರ ಬೆನ್ನು ಹತ್ತಿದವಳು. ಅವರು ಮೇಲೆ ಹೋದರೆ ನಾನೂ ಮೇಲೆ, ಶ್ರುತಿ ತಪ್ಪಿದರೆ ನಾನೂ ಅಷ್ಟು ತಪ್ಪಿ ಅವರ ಮಾನ ಕಾಪಾಡಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಯಾರು ರಾಗ ಎತ್ತಿದರೂ ನನ್ನ ಬೆರಳು ಅವರ ಹಿಂದೆಯೇ ಓಡುತ್ತದೆ. ಆದರೆ ಇಲ್ಲಿ ಎರಡನೇ ಪಿಟೀಲು ಯಾರ ಹಿಂದೆಯೂ ಹೋಗಬಾರದು, ರಾಗದ ಕೆಳಗೆ ತನ್ನದೇ ದಾರಿ ಹಿಡಿದು ನಡೆಯಬೇಕು.

ಸೀವುಡ್ಸ್‌ನಲ್ಲೂ ಹೀಗೇ ಆದರೆ ಜನವರಿಯಿಂದ ಬೇರೆಯವರನ್ನು ನೋಡಬೇಕಾಗುತ್ತದೆ ಎಂದ ಸ್ವಪ್ನಿಲ್, ಬಹಳ ನಯವಾಗಿ. ಆ ನಯಕ್ಕೇ ನನಗೆ ಮೈ ಉರಿಯಿತು. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಭಯವೇ ಹೆಚ್ಚು. ಕಚೇರಿಗೆ ಈಗ ನನ್ನನ್ನು ಯಾರೂ ಕರೆಯುವುದಿಲ್ಲ. ಈ ತಂಡವೂ ತಪ್ಪಿದರೆ ಪಿಟೀಲು ಕಪಾಟಿನ ಮೇಲೆ, ನಾನು ಟಿವಿ ಸೀರಿಯಲ್ ಮುಂದೆ.

ಹಟ ಹಿಡಿದು ಮನೆಯಲ್ಲಿ ಒಂದು ತಿಂಗಳು ಎರಡನೇ ಪಿಟೀಲಿನ ಪಾಠವನ್ನೇ ತಿಕ್ಕಿದೆ. ನನ್ನ ಗಂಡ ಕಿಟ್ಟಣ್ಣನದು ಡೊಂಬಿವಲಿ ಸ್ಟೇಷನ್ ಪಕ್ಕ ಹೋಟೆಲು. ಮಧ್ಯಾಹ್ನ ಊಟಕ್ಕೆ ಬಂದು ಒಂದು ಗಳಿಗೆ ಮಲಗುತ್ತಾರೆ, ನನ್ನ ಪ್ರಾಕ್ಟೀಸೂ ಅದೇ ಹೊತ್ತಿಗೆ.

"ಎಂತ ಮಾರಾಯ್ತಿ, ದಿನಾ ಅದನ್ನೇ ಕುಯ್ಯುದು? ಕಿವಿಯಲ್ಲಿ ಕೂತುಬಿಟ್ಟಿದೆ!"

"ಕೂತರೆ ಕೂರಲಿ, ಬಾಡಿಗೆ ಏನೂ ಕೇಳುವುದಿಲ್ಲ," ಎಂದೆ.

ಅದರಲ್ಲೂ ಕೊನೆಯ ಕೆರೋಲು, ಜೋಗುಳದಂಥದ್ದು, ಅವರ ನಾಲಗೆಗೆ ಹತ್ತಿಬಿಟ್ಟಿತು. ಸ್ನಾನದ ಮನೆಯಲ್ಲೂ ಅದೇ ಗುನುಗು. ನನಗೆ ನನ್ನದೇ ಚಿಂತೆ, ಅವರು ಏನು ಗುನುಗುತ್ತಾರೆಂದು ಕಿವಿಗೊಡಲಿಲ್ಲ.

ಇಪ್ಪತ್ತಮೂರರಂದು ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಪನ್ವೇಲ್ ಗಾಡಿ ಹಿಡಿದೆವು. ಚೆಲ್ಲೊ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಪ್ರಯಾಣ ಮಾಡಿತು. ಹೋಟೆಲಿನ ಗಲ್ಲಾಪೆಟ್ಟಿಗೆ ಬಿಟ್ಟು ಅಲ್ಲಾಡದ ಕಿಟ್ಟಣ್ಣನೂ ಹೊರಟದ್ದು ದೊಡ್ಡ ಆಶ್ಚರ್ಯ. "ಒಂದು ತಿಂಗಳು ನಿದ್ದೆ ಕೆಡಿಸಿದ್ದಿ. ಎಂತ ಉಂಟು ಅದರಲ್ಲಿ, ನೋಡುವ," ಎಂದರು.

ಮೊದಲ ನಾಲ್ಕು ಕೆರೋಲುಗಳು ಹೂವೆತ್ತಿದ ಹಾಗೆ ಆದವು. ನಾನು ಸ್ವರ ಬರೆದ ಕಾಗದದಿಂದ ಕಣ್ಣೆತ್ತಲಿಲ್ಲ. ಐದನೆಯದು ಆ ಜೋಗುಳ. ಅದನ್ನು ಶುರು ಮಾಡುವ ಮೊದಲು ಸ್ವಪ್ನಿಲ್ ಎದ್ದುನಿಂತು, ಎಲ್ಲರೂ ಜೊತೆಗೆ ಹಾಡಿ ಎಂದು ಜನರಿಗೆ ಕೈಬೀಸಿಬಿಟ್ಟ. ಅಯ್ಯೋ ದೇವರೇ, ಇದು ಪ್ರಾಕ್ಟೀಸಿನಲ್ಲಿ ಇರಲೇ ಇಲ್ಲ!

ಇನ್ನೂರು ಜನ ಬಾಯ್ತೆರೆದರು. ಇನ್ನೂರು ಗಾಯಕರು ಒಟ್ಟಿಗೆ ಸಿಕ್ಕರೆ ಪಕ್ಕವಾದ್ಯದವಳ ಬೆರಳು ಸುಮ್ಮನಿದ್ದೀತೇ? ಎರಡನೇ ಸಾಲಿಗೇ ಜಾರಿ ಅವರ ಬೆನ್ನು ಹತ್ತಿತು. ಸ್ವಪ್ನಿಲ್ ಓರೆಗಣ್ಣಲ್ಲಿ ನೋಡಿದ. ಕಾಗದದಲ್ಲಿ ಎಲ್ಲಿದ್ದೇನೆಂದು ಹುಡುಕಿದರೆ ಕಣ್ಣು ಮಂಜಾಗಿತ್ತು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಆಗ ಮುಂದಿನ ಸಾಲಿನಿಂದ ಒಂದು ಒರಟು ದನಿ ಕೇಳಿಸಿತು. ಎಲ್ಲರೂ ಮೇಲೇರಿದರೆ ಇದು ಕೆಳಗೇ ಉಳಿಯಿತು, ಎಲ್ಲರೂ ನಿಂತರೆ ಇದು ನಡೆಯಿತು. ನೋಡಿದರೆ ಕಿಟ್ಟಣ್ಣ! ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ತಾಳ ಹಾಕುತ್ತ, "ಲಾ ಲಾ" ಎಂದು ಗಂಟಲು ಹರಿಯುವಂತೆ ಹಾಡುತ್ತಿದ್ದರು. ಪಕ್ಕದ ಹೆಂಗಸು ಅವರ ತೋಳು ತಟ್ಟಿ, "ಅಂಕಲ್, ಗಲತ್ ಗಾ ರಹೇ ಹೋ," ಎಂದು ತಪ್ಪು ಹಿಡಿದಳು. ಅವರು ಕಣ್ಣು ಕೂಡ ಬಿಡಲಿಲ್ಲ.

ಅವರಿಗೆ ಗೊತ್ತಿದ್ದ ಕೆರೋಲೇ ಅದು. ತಿಂಗಳಿಡೀ ಗೋಡೆಯಾಚೆಯಿಂದ ಅವರು ಕೇಳಿದ್ದು ನನ್ನ ಎರಡನೇ ಪಿಟೀಲು ಮಾತ್ರ. ಅಸಲಿ ರಾಗ ಅವರ ಕಿವಿಗೆ ಬಿದ್ದೇ ಇರಲಿಲ್ಲ.

ನನಗೂ ಹಿಂದೆ ಹೋಗಲು ಒಬ್ಬ ಗಾಯಕ ಸಿಕ್ಕಿದ. ಶ್ರುತಿ ಸ್ವಲ್ಪ ಆಚೀಚೆ ನಿಜ, ಅಂಥವರನ್ನು ನಾನು ಬೇಕಾದಷ್ಟು ನಿಭಾಯಿಸಿದ್ದೇನೆ. ಇನ್ನೂರು ಜನರನ್ನು ಅವರ ಪಾಡಿಗೆ ಬಿಟ್ಟು, ಕಾಗದ ಬಿಟ್ಟು, ಗಂಡನ ಮುಖವನ್ನೇ ನೋಡುತ್ತ ಕೊನೆಯ ಸ್ವರದವರೆಗೆ ಅವರ ಹಿಂದೆ ಹೋದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಕಾಕೂ, ಏಕದಮ್ ಮಸ್ತ್!" ಎಂದ ಸ್ವಪ್ನಿಲ್, ವಾದ್ಯ ಕಟ್ಟುವಾಗ. "ಜನವರಿಯಲ್ಲಿ ಕಲ್ಯಾಣದಲ್ಲಿ ಪ್ರೋಗ್ರಾಂ. ಡೇಟ್ ಲಿಹೂನ್ ಘ್ಯಾ." ನಾನು ಅಲ್ಲೇ ತಾರೀಖು ಬರೆದುಕೊಂಡೆ.

ವಾಪಸು ಬರುವಾಗ ಪ್ಲಾಟ್‌ಫಾರ್ಮಿನಲ್ಲಿ ಕಿಟ್ಟಣ್ಣ ನನ್ನ ಪಿಟೀಲಿನ ಪೆಟ್ಟಿಗೆ ತೆಗೆದುಕೊಂಡು ಗೊಣಗಿದರು: "ಅಷ್ಟು ಜನ ಉಂಟು, ಒಬ್ಬರಿಗಾದರೂ ಸರಿಯಾಗಿ ಹಾಡ್ಲಿಕ್ಕೆ ಬರ್ತದಾ? ಆ ಹುಡುಗನೂ ಬೇರೆಯೇ ಎಂತದೋ ಕುಯ್ದ. ನೀನೊಬ್ಬಳೇ ಸರಿ ನುಡಿಸಿದ್ದು."

ಮದುವೆಯಾಗಿ ಮೂವತ್ತಾರು ವರ್ಷ. ಅವರ ಒಂದು ಮಾತನ್ನೂ ನಾನು ತಿದ್ದದೆ ಬಿಟ್ಟವಳಲ್ಲ.

"ಹೌದು," ಎಂದೆ.